ಬಡಿದು ನೋಡದ ಫರಸಿ

ಬಾಸ್ಕೆಟ್‌ಬಾಲ್ ಆಟವನ್ನು ನಮ್ಮಪ್ಪ ನೋಡುತ್ತಿರಲಿಲ್ಲ, ಕೇಳುತ್ತಿದ್ದ. ಹೀಗೆಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರೇನು ಶಹಾಬಾದದ ಕಲ್ಲಿನ ನಡುವೆ ಹುಟ್ಟಿದವರೇ? ನಮ್ಮೂರಿನಲ್ಲಿ ಎರಡು ಮೊಳ ಅಗೆದರೆ ಹಾಸುಗಲ್ಲು ಸಿಗುತ್ತದೆ. ಅದನ್ನು ಪದರ ಪದರವಾಗಿ ಎಬ್ಬಿಸಿ ಚೌಕಾಗಿ ಕಡಿದರೆ ಅದೇ ಫರಸಿ. ಅಪ್ಪ ಫರಸಿ ಹಾಸುವ ಮೇಸ್ತ್ರಿ, ನಾನು ಅವನ ಕೈಕೆಳಗಿನ ಆಳು. ಬೇರೆ ಆಳುಗಳಿಗೆ ಒಂದು ಬೈಗುಳವಾದರೆ ಮಗನೆಂದು ನನಗೆ ಎರಡು.

ಫರಸಿ ಹಾಸುವುದರಲ್ಲಿ ಏನು ಮಹಾ ಇದೆ ಎಂದು ಕೇಳುವವರುಂಟು. ಸುಣ್ಣ, ಮರಳು ಕಲಸಿದ ಗಚ್ಚನ್ನು ನೆಲಕ್ಕೆ ಹರಡಬೇಕು. ಕಲ್ಲನ್ನು ಅದರ ಮೇಲೆ ಇಳಿಸಿ, ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ಬಡಿದು ಕೂರಿಸಬೇಕು. ಇಷ್ಟನ್ನು ಯಾರಾದರೂ ಮಾಡುತ್ತಾರೆ. ಆಮೇಲೆ ಬೆರಳ ಗೆಣ್ಣಿನಿಂದ ನಾಲ್ಕು ಮೂಲೆಗೂ ನಟ್ಟನಡುವೆಯೂ ಬಡಿದು ಕೇಳಬೇಕು. ಕೆಳಗೆ ಗಚ್ಚು ತುಂಬಿದ್ದರೆ ‘ಟಕ್’ ಎಂದು ಗಟ್ಟಿ ದನಿ ಬರುತ್ತದೆ. ಎಲ್ಲಾದರೂ ಖಾಲಿ ಉಳಿದಿದ್ದರೆ ‘ಡುಬ್’. ಅದು ಪೊಳ್ಳು. ಪೊಳ್ಳು ಬಂದರೆ ಕಲ್ಲನ್ನು ಎತ್ತಿ ಮತ್ತೆ ಹಾಕಬೇಕು, ಹೊತ್ತು ಮುಳುಗಲಿ, ಮಾಲಕ ಬೈಯಲಿ. ಚಿತ್ತಾಪುರ, ಸೇಡಂ, ಚಿಂಚೋಳಿಯ ತನಕ ಅಪ್ಪನಿಗೆ ಕರೆ ಬರುತ್ತಿದ್ದುದು ಇದೊಂದೇ ಕಾರಣಕ್ಕೆ. ಈ ಮೇಸ್ತ್ರಿ ಹಾಸಿದ ನೆಲದಲ್ಲಿ ಪೊಳ್ಳಿಲ್ಲ ಎಂಬ ಮಾತು ಅವನಿಗಿಂತ ಮೊದಲು ಊರು ಸೇರುತ್ತಿತ್ತು. ನಮಗೆ ಹೊಲವಿರಲಿಲ್ಲ, ಎತ್ತಿರಲಿಲ್ಲ. ಆ ಮಾತೇ ನಮ್ಮ ಆಸ್ತಿ.

ಅದು ದೊಡ್ಡ ಯುದ್ಧ ನಡೆದಿದ್ದ ಕಾಲ. ನಮ್ಮೂರಿಗೆ ಹತ್ತಿರದ ವಾಡಿ ಸ್ಟೇಷನ್ನಿನ ಪಾರ್ಸೆಲ್ ಕಾರಕೂನರು ಹೈದರಾಬಾದಿನಲ್ಲಿ ಓದುವಾಗ ಈ ಆಟ ಕಲಿತು ಬಂದಿದ್ದರು. ಸ್ಟೇಷನ್ನಿನ ನೌಕರರನ್ನೇ ಹಿಡಿದು ತಂದು ಒಂದು ತಂಡ ಕಟ್ಟಿದರು. ಆದರೆ ನಮ್ಮ ಕರಿಮಣ್ಣಿನಲ್ಲಿ ಚೆಂಡು ಪುಟಿಯಬೇಕಲ್ಲ? ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆ ಬಂತೆಂದರೆ ರಾಡಿ. ಕಲ್ಲಿನ ಸೀಮೆಯಲ್ಲಿದ್ದುಕೊಂಡು ಮಣ್ಣಿನ ಮೇಲೆ ಯಾಕೆ ಆಡಬೇಕು ಎಂದು ಅವರು ಸ್ಟೇಷನ್ನಿನ ಹಿಂದಿನ ಬಯಲಿಗೆ ಫರಸಿ ಹಾಸಲು ಅಪ್ಪನನ್ನು ಕರೆಸಿದರು.

ಅರ್ಧ ಅಂಗಳ ಮುಗಿಯುವಷ್ಟರಲ್ಲೇ ಅವರಿಗೆ ತಡೆಯಲಾಗಲಿಲ್ಲ. ಒಂದು ಕಂಬ ನಿಲ್ಲಿಸಿ, ಆಳಿನ ತಲೆಯ ಮೇಲೆ ಇನ್ನೊಂದು ಆಳು ನಿಂತಷ್ಟು ಎತ್ತರಕ್ಕೆ ಕಬ್ಬಿಣದ ಬಳೆ ಕಟ್ಟಿ, ಸಂಜೆ ಹೊತ್ತು ಆಡಲು ಸುರು ಮಾಡಿದರು. ಒಂದು ದಿನ ಚೆಂಡು ಉರುಳಿಕೊಂಡು ನನ್ನ ಗಚ್ಚಿನ ಬುಟ್ಟಿಯ ಹತ್ತಿರ ಬಂತು. ನನಗೆ ಆಗ ಇಪ್ಪತ್ತು ವರ್ಷ, ಉದ್ದ ಆಳು, ಮೇಲಾಗಿ ಎಡಚ. ಗಚ್ಚು ಬಳಿಯುವ ಕರಣಿಯನ್ನು ಬಲಗೈಗೆ ಬದಲಿಸಿ, ಚೆಂಡು ಎತ್ತಿ ಎಡಗೈಯಿಂದ ಬೀಸಿದೆ. ಬಳೆಯೊಳಗೆ ಬಿತ್ತು.

“ಅರೇ ವಾಹ್! ಏ ಎಡಚಾ, ಬಾ ಇಲ್ಲಿ. ಕರಣಿ ಕೆಳಗಿಡು ಮೊದಲ,” ಎಂದರು ಕಾರಕೂನರು.

ಆಟ ಕಲಿಸಿದವರೂ ಅವರೇ. ಒಂದು ಕಡೆಗೆ ಐದು ಮಂದಿ. ಚೆಂಡು ಕೈಯಲ್ಲಿ ಹಿಡಿದುಕೊಂಡು ಓಡುವಂತಿಲ್ಲ. ಓಡಬೇಕೆಂದರೆ ಹೆಜ್ಜೆ ಹೆಜ್ಜೆಗೂ ಅದನ್ನು ನೆಲಕ್ಕೆ ಬಡಿದು ಪುಟಿಸುತ್ತ ಹೋಗಬೇಕು. ಒಮ್ಮೆ ಎರಡೂ ಕೈಯಲ್ಲಿ ಹಿಡಿದೆಯೋ, ಮತ್ತೆ ಪುಟಿಸುವಂತಿಲ್ಲ, ಇನ್ನೊಬ್ಬನಿಗೆ ಕೊಡಬೇಕು ಇಲ್ಲವೇ ಬಳೆಗೆ ಎಸೆಯಬೇಕು. ಎದುರಿನವನನ್ನು ನೂಕಬಾರದು, ಹಿಡಿಯಬಾರದು. ಕುಸ್ತಿ, ಕಬಡ್ಡಿ ಆಡಿ ಬೆಳೆದ ನಮಗೆ ಮೈ ಮುಟ್ಟದೆ ಸೋಲಿಸುವುದು ಹೇಗೆಂದು ತಿಳಿಯುವುದಕ್ಕೇ ತಿಂಗಳು ಬೇಕಾಯಿತು.

ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ಕುಳಿತಿದ್ದ. ಮುಖದಲ್ಲಿ ನಗು.

“ಇದೇನ್ ಆಟ ಅಲ್ಲೋ, ನನ್ನ ಕೆಲಸನೇ ಅದ,” ಎಂದ. “ಹೆಜ್ಜಿಗೊಂದು ಫರಸಿ ಬಡದ್ ಬಡದ್ ನೋಡ್ಕೋತ ಹೋಗ್ಲಿಕತ್ತಾರಲ್ಲ! ಕೇಳು, ಎಲ್ಲೆರೆ ಪೊಳ್ಳು ಕೇಳ್ತದೇನು?”

ಕೇಳಲಿಲ್ಲ. ಟಕ್ ಟಕ್ ಟಕ್ ಎಂದು ಅಂಗಳದ ಉದ್ದಕ್ಕೂ ಒಂದೇ ದನಿ. ನಮ್ಮಪ್ಪ ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಕೊನೆಯ ಸಾಲಿನ ದಿನ ಅಪ್ಪ ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ ಹಾಸುತ್ತ ಬಂದೆವು. ನಡುವೆ ಒಂದೇ ಒಂದು ಫರಸಿ ಉಳಿದಿತ್ತು, ಈ ತುದಿಗೆ ಹೊಸದಾಗಿ ನಿಲ್ಲಿಸಿದ ಎರಡನೆಯ ಕಂಬದಿಂದ ಮೂರು ಹೆಜ್ಜೆ. ಅಷ್ಟರಲ್ಲಿ ಅಪ್ಪನಿಗೆ ಕೆಮ್ಮು ಹತ್ತಿತು. ಕಲ್ಲಿನ ಧೂಳು ಆಗಲೇ ಅವನ ಎದೆಯಲ್ಲಿ ಮನೆ ಮಾಡಿತ್ತು. “ಅದೊಂದು ಹಾಕಿಬಿಡು. ಬಡದ್ ನೋಡು ಮತ್ತ,” ಎಂದು ಹೇಳಿ ನೀರು ಕುಡಿಯಲು ಹೋದ. ಬುಟ್ಟಿಯಲ್ಲಿ ಗಚ್ಚು ಮುಗಿಯುತ್ತ ಬಂದಿತ್ತು. ಆ ಕಡೆಯಿಂದ ಕಾರಕೂನರು, “ಎಡಚಾ, ಬಂದ್ಯೋ ಇಲ್ಲೋ?” ಎಂದು ಕೂಗುತ್ತಿದ್ದರು. ಮತ್ತೆ ಕಲಸಲು ಅರ್ಧ ತಾಸು ಬೇಕು. ನಾನೇನು ಮಾಡಿದೆ? ಇದ್ದಷ್ಟನ್ನು ನಾಲ್ಕು ಮೂಲೆಗೆ ಮುದ್ದೆ ಮುದ್ದೆ ಇಟ್ಟು ಕಲ್ಲು ಇಳಿಸಿದೆ. ಸಂದಿಗೆ ಸುಣ್ಣ ಬಳಿದು ಚೆಂದ ಮಾಡಿದೆ. ಬಡಿದು ನೋಡಲಿಲ್ಲ. ಏನು ಕೇಳುತ್ತದೆ ಎಂದು ಗೊತ್ತಿದ್ದವನು ಯಾಕೆ ಬಡಿಯುತ್ತಾನೆ?

ಎಂಟು ದಿನ ಬಿಟ್ಟು, ಗಚ್ಚು ಆರಿದ ಮೇಲೆ, ಇಡೀ ಅಂಗಳದಲ್ಲಿ ಆಟವಾಯಿತು. ಅಪ್ಪ ಎಂದಿನಂತೆ ಕಣ್ಣು ಮುಚ್ಚಿ ಕುಳಿತಿದ್ದ. ಟಕ್ ಟಕ್ ಟಕ್, ಡುಬ್. ಚೆಂಡು ಮೊಳಕಾಲಿನ ತನಕವೂ ಏಳದೆ ಅಲ್ಲೇ ಸತ್ತು ಬಿತ್ತು. ಅಪ್ಪ ಕಣ್ಣು ತೆರೆದ. ಎದ್ದು ಬಂದು, ಆಟಗಾರರ ನಡುವೆಯೇ ಮೊಳಕಾಲೂರಿ, ಗೆಣ್ಣಿನಿಂದ ಬಡಿದ. ಬೆರಳಿನಿಂದ ಸಂದಿಯ ಸುಣ್ಣ ಸವರಿದ. ನನ್ನ ಕಡೆ ನೋಡಲಿಲ್ಲ.

“ಸಾಹೇಬ್ರ, ಇದೊಂದು ಎತ್ತಿ ಹಾಕ್ತೀನ್ರಿ. ಒಂದ್ ತಾಸಿನ ಕೆಲಸ,” ಎಂದ.

ಕಾರಕೂನರು ತಲೆ ಓಡಿಸಿದರು. “ಬ್ಯಾಡ ಉಸ್ತಾದ್, ಬ್ಯಾಡ! ಚೆಂಡು ಇಲ್ಲಿ ಸಾಯ್ತದಂತ ನಮಗ ಗೊತ್ತದ, ಆಡ್ಲಿಕ್ಕ ಬಂದವರಿಗಿ ಗೊತ್ತಿಲ್ಲ. ಐದು ಮಂದಿ ನಾವು, ಆರನೇ ಆಳು ಈ ಕಲ್ಲು,” ಎಂದು ನಕ್ಕರು. ಎಲ್ಲರೂ ನಕ್ಕರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ಆಟದ ಹುಚ್ಚು ಅಷ್ಟೆ. ಅಪ್ಪ ಮತ್ತೆ ಕೈ ಮುಗಿದು ಕೇಳಿದಾಗ ನಾನೇ, “ಇರ್ಲಿ ಬಿಡಪ್ಪಾ, ಸಾಹೇಬ್ರು ಹೇಳ್ಲಿಕತ್ತಾರಲ್ಲ,” ಎಂದೆ. ಈ ನಾಲಿಗೆಯೇ ಅಂದದ್ದು.

ಮರುದಿನ ಮುಂಜಾನೆ ಇಬ್ಬರೂ ರೊಟ್ಟಿ ತಿನ್ನುತ್ತಿದ್ದೆವು. ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ತಟ್ಟೆ ನೋಡುತ್ತಲೇ ಕೇಳಿದ, “ಆ ನಡುವಿನ ಫರಸಿ ನಾ ಹಾಕಿದ್ನೋ, ನೀ ಹಾಕಿದ್ಯೋ? ನೆನಪೇ ಹಾರ್ಯದ.”

“ನೀನೇ ಯಪ್ಪಾ,” ಎಂದೆ. “ನೀರು ಕುಡದು ಬಂದ ಮ್ಯಾಲ ಹಾಕಿದಿ.”

“ಹೌದಾ?” ಎಂದ. ರೊಟ್ಟಿ ಮುರಿದುಕೊಂಡು, “ಹಾಂಗಾರ ವಯಸ್ಸಾತು ನನಗ,” ಎಂದ. ಅವ್ವನ ಕೈ ಒಂದು ಗಳಿಗೆ ನಿಂತು ಮತ್ತೆ ರೊಟ್ಟಿ ಬಡಿಯತೊಡಗಿತು. ನಾನೇ ಹಾಕಿದ್ದು ಅಂದಿದ್ದರೆ ಏನಾಗುತ್ತಿತ್ತು? ನಾಲ್ಕು ಬೈಗುಳ, ಹೆಚ್ಚೆಂದರೆ ಬೆನ್ನಿಗೊಂದು ಏಟು. ಆದರೆ ತಂಡದಿಂದ ಬಿಡಿಸಿಬಿಟ್ಟರೆ ಎಂಬ ಹೆದರಿಕೆ. ಸ್ಟೇಷನ್ನಿನ ಬಾಬುಗಳು ನನ್ನ ಹೆಗಲ ಮೇಲೆ ಕೈ ಹಾಕಿ ಶಾಬಾಶ್ ಅನ್ನುತ್ತಿದ್ದರಲ್ಲ, ಆ ಮರುಳು.

ದೀಪಾವಳಿ ಕಳೆದ ಮೇಲೆ ಶಹಾಬಾದದವರ ಜೊತೆ, ಅಂದರೆ ನಮ್ಮೂರಿನವರ ಜೊತೆಯೇ, ಪಂದ್ಯವಾಯಿತು. ರೈಲಿನಲ್ಲಿ ಅವರ ತಂಡದ ಹಿಂದೆ ಅರ್ಧ ಊರೇ ಬಂತು. ಕಲ್ಲು ಎಬ್ಬಿಸುವವರು, ಕಡಿಯುವವರು, ಹಾಸುವವರು, ಅಪ್ಪನ ಜೊತೆ ಕೊಡತಿ ಹಿಡಿದು ಮುದುಕರಾದವರು. ಎಲ್ಲರೂ ಅಂಗಳದ ಸುತ್ತ ಕುಳಿತರು. ಅವರ ನಡುವೆ ಅಪ್ಪ, ತೊಳೆದ ರುಮಾಲು ಸುತ್ತಿಕೊಂಡು.

ಕೊನೆಯ ನಿಮಿಷಗಳು. ಎರಡೂ ಕಡೆ ಸಮ. ಅವರ ಕಡೆಯ ಚುರುಕು ಹುಡುಗನೊಬ್ಬ ಚೆಂಡು ಪುಟಿಸುತ್ತ ನಮ್ಮ ಬಳೆಯ ಕಡೆಗೆ ನುಗ್ಗಿದ. ನಾನು ಅವನನ್ನು ತಡೆಯಲಿಲ್ಲ. ಮೈ ಮುಟ್ಟದೆ ಅಡ್ಡ ನಿಂತು ಮೆಲ್ಲಗೆ ಪಕ್ಕಕ್ಕೆ ಸರಿಯುವಂತೆ ಮಾಡಿದೆ, ಆ ಕಲ್ಲಿನ ಕಡೆಗೆ. ಡುಬ್. ಅವನ ಅಂಗೈ ಬರಿಯ ಗಾಳಿಯನ್ನು ಬಡಿಯಿತು. ಕಾಲ ಹತ್ತಿರ ಬಿದ್ದಿದ್ದ ಚೆಂಡನ್ನು ಕಸಿದುಕೊಂಡು, ಇಡೀ ಅಂಗಳ ಪುಟಿಸುತ್ತ ಓಡಿ, ಎಡಗೈಯಿಂದ ಎಸೆದೆ. ಬಿತ್ತು. ಸೀಟಿ ಕೂಗಿತು. ಗೆದ್ದೆವು.

ವಾಡಿಯವರು ಕುಣಿದರು. ಶಹಾಬಾದದವರು ಬಳೆಯ ಕಡೆ ನೋಡುತ್ತಲೇ ಇರಲಿಲ್ಲ. ಅವರೆಲ್ಲ ಆ ಫರಸಿಯನ್ನು ನೋಡುತ್ತಿದ್ದರು. ಆಮೇಲೆ ಅಪ್ಪನನ್ನು ನೋಡಿದರು. ಆ ದನಿ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾರಕೂನರು ನನಗೆಂದು ತರಿಸಿದ್ದ ಚೆಂಡುಹೂವಿನ ಹಾರವನ್ನು ಅಪ್ಪನ ಕೊರಳಿಗೆ ಹಾಕಿ, “ಉಸ್ತಾದರ ಕಲ್ಲೇ ಗೆಲ್ಲಿಸ್ತು!” ಎಂದು ಕೂಗಿದರು. ಅಪ್ಪನ ವಾರಿಗೆಯ ಮೇಸ್ತ್ರಿಯೊಬ್ಬ ಹತ್ತಿರ ಬಂದು, ಮೆಲ್ಲಗೆ, ನೋವಿನಿಂದಲೇ ಕೇಳಿದ, “ಏನೋ ಇದು? ನಿನ್ನ ಕೈಯಾಗ ಪೊಳ್ಳು?”

ನಾನು ಎರಡು ಮಾರು ದೂರದಲ್ಲಿ ಚೆಂಡು ಹಿಡಿದು ನಿಂತಿದ್ದೆ. ಅಪ್ಪ ಒಮ್ಮೆ ನನ್ನ ಕಡೆ ನೋಡಿದ. ಬಾಯಿ ಬಿಡಬೇಕಿದ್ದದ್ದು ಆಗಲೇ. ನಾನು ಚೆಂಡಿನ ಧೂಳು ಒರೆಸಿದೆ.

“ಹೌದಪ್ಪ. ನಂದೇ,” ಎಂದ ಅಪ್ಪ. “ಕೈ ಸೋತದ.”

ಆ ಹಾರ ಹಾಕಿಕೊಂಡೇ ರೈಲು ಹತ್ತಿದ.

ಆಮೇಲೆ ಅವನು ನೆಲ ಹಾಸಲಿಲ್ಲ. ಸೇಡಂನಿಂದ ಒಂದು ದೊಡ್ಡ ಮನೆಯ ಕೆಲಸ ಬಂದಾಗ, “ಬ್ಯಾರೆಯವರನ್ನ ನೋಡ್ರಿ,” ಎಂದು ಕಳಿಸಿದ. ಕಲ್ಲು ಕಡಿಯುವ ಅಂಗಳದಲ್ಲಿ ಕುಳಿತು ಫರಸಿಯ ಅಂಚು ಸರಿಮಾಡುವ ಕೆಲಸ ಹಿಡಿದ, ಹೊಸದಾಗಿ ಸೇರಿದವರು ಮಾಡುವ ಕೆಲಸ. ಧೂಳು ಇನ್ನೂ ಹೆಚ್ಚಾಯಿತು, ಕೆಮ್ಮೂ. ನಾನು ವಾಡಿಗೆ ಆಡಲು ಹೋಗುವಾಗ ಬೇಡ ಎನ್ನಲಿಲ್ಲ, ಆದರೆ ತಾನು ಒಮ್ಮೆಯೂ ಬರಲಿಲ್ಲ. ಸಂಜೆ ನಾನು ಮನೆಗೆ ಬಂದರೆ, “ಉಂಡ್ಯಾ?” ಎಂದಷ್ಟೇ ಕೇಳಿ, ನನ್ನ ಮುಖ ನೋಡುತ್ತ ಇನ್ನೂ ತುಸು ಹೊತ್ತು ಕುಳಿತಿರುತ್ತಿದ್ದ. ಎರಡು ವರ್ಷ ಹೀಗೇ. ಮೂರನೆಯ ಬೇಸಿಗೆಯಲ್ಲಿ ತೀರಿಕೊಂಡ.

ತಿಂಗಳು ಕಳೆದು ಸಮಾಧಿಗೆ ಫರಸಿ ಹಾಕಲು ಹೋದೆ. ಅವ್ವ ಪೂಜೆಯ ವಿಭೂತಿ, ಪತ್ರಿ ಹಿಡಿದು ಜೊತೆಗೆ ಬಂದಿದ್ದಳು. ಗಚ್ಚು ಹರಡಿದೆ, ಕಲ್ಲು ಇಳಿಸಿದೆ, ಕೊಡತಿಯಿಂದ ಕೂರಿಸಿದೆ, ಸಂದಿಗೆ ಸುಣ್ಣ ಬಳಿದೆ. ಕೈ ಒರೆಸಿಕೊಂಡು ಎದ್ದೆ.

“ಬಡದ್ ನೋಡಿದ್ಯಾ?” ಎಂದಳು ಅವ್ವ.

ನಾನು ಅವಳ ಮುಖ ನೋಡಿದೆ.

“ಅಲ್ಲಿ ವಾಡ್ಯಾಗೂ ನೀ ಬಡದ್ ನೋಡಿಲ್ಲಂತ. ಮೊದಲನೇ ದಿನನೇ ಬಂದು ಹೇಳಿದ್ದ ನಿಮ್ಮಪ್ಪ. ಸಂದಿಗಿ ಸುಣ್ಣ ಎಡಗೈಲೇ ಬಳದದ್ದದ, ನನಗ ಗೊತ್ತಾಗಂಗಿಲ್ಲೇನು, ಅಂದ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾನೇ ಕೇಳ್ತೀನಿ ಅಂದೆ. ಬ್ಯಾಡ, ಅಂವ ಒಳ್ಳೇ ಹುಡುಗ ಅದಾನ, ತಾನೇ ಬಂದು ಹೇಳ್ತಾನ ಅಂದ. ದಿನಾ ಸಂಜಿಕ ನೀ ಬರೂದನ್ನೇ ಕಾಯ್ತಿದ್ದ.”

ಅಲ್ಲೇ ಮೊಳಕಾಲೂರಿದೆ. ಯಪ್ಪಾ, ನಾನೇ ಹಾಕಿದ್ದು, ನಾನೇ, ಎಂದು ಗಟ್ಟಿಯಾಗಿ ಅತ್ತೆ. ಆಮೇಲೆ ಗೆಣ್ಣಿನಿಂದ ನಾಲ್ಕು ಮೂಲೆ ಬಡಿದೆ, ನಟ್ಟನಡುವೆ ಬಡಿದೆ. ಗಟ್ಟಿಯಾಗಿಯೇ ಕೂತಿತ್ತು. ಕೇಳಬೇಕಾದವನು ಇರಲಿಲ್ಲ.