ಹೊತ್ತಲ್ಲದ ಹೊತ್ತಿನ ನೀರು

ಅಪ್ಪನ ತಿಥಿ ಮುಗಿದ ಮಾರನೆಯ ದಿನವೇ ಅನು ಕೆಲಸಕ್ಕೆ ಬಂದಳು. ಇನ್ನೆರಡು ದಿನ ಇದ್ದು ಹೋಗು ಅಂದವರಿಗೆ ಏನು ಹೇಳಬೇಕೆಂದು ತೋಚದೆ ತೆರಕಣಾಂಬಿಯಲ್ಲಿ ಬಸ್ಸು ಹತ್ತಿಬಿಟ್ಟಿದ್ದಳು.

ಚಾಮರಾಜನಗರದ ಒಂದು ಗೊಬ್ಬರದಂಗಡಿಯ ಮಹಡಿಯಲ್ಲಿ ಅವಳ ಆಫೀಸು. ನಾಲ್ಕು ಜನ, ನಾಲ್ಕು ಮೇಜು. ಹಳ್ಳಿಗಳ ಕುಡಿಯುವ ನೀರಿನ ಪೈಪುಗಳಿಗೆ ಮೀಟರು ಕೂರಿಸುವುದು, ಎಷ್ಟು ನೀರು ಯಾವಾಗ ಹರಿಯಿತೆಂಬ ಲೆಕ್ಕ ಐದೈದು ನಿಮಿಷಕ್ಕೆ ಕ್ಲೌಡಿಗೆ ಹೋಗಿ ಕೂರುವಂತೆ ಮಾಡುವುದು, ಇದು ಅವರ ಕಸುಬು. ಪ್ರೋಗ್ರಾಮ್ ಬರೆಯುವವಳು ಅನು. ಸಣ್ಣ ಕಂಪನಿಯಾದ್ದರಿಂದ ಮೀಟರಿನ ಡಬ್ಬಿಯೊಳಗೆ ಗೂಡು ಕಟ್ಟಿದ ಇರುವೆ ತೆಗೆಯುವವಳೂ ಅವಳೇ, ಸಿಗ್ನಲ್ ಹುಡುಕಿಕೊಂಡು ಟ್ಯಾಂಕಿನ ಏಣಿ ಹತ್ತುವವಳೂ ಅವಳೇ. ಮೊದಲ ವಾರ ಮೀಟರುಗಳ ಗಡಿಯಾರ ಇಂಗ್ಲೆಂಡಿನ ಹೊತ್ತಿನಲ್ಲೇ ನಿಂತು, ಬೆಳಿಗ್ಗೆ ಆರಕ್ಕೆ ಬಿಟ್ಟ ನೀರು ಲೆಕ್ಕದಲ್ಲಿ ನಡುರಾತ್ರಿ ಹರಿದಿತ್ತು. ಅದನ್ನು ಸರಿಪಡಿಸಿದ ದಿನ ಅಪ್ಪ ಮಾರಯ್ಯನಿಗೆ ಫೋನು ಮಾಡಿ ಹೇಳಿದ್ದಳು. ಅವನಿಗೆ ಒಂದೂ ಅರ್ಥವಾಗಿರಲಿಲ್ಲ. "ಆಯ್ತು ಬುಡು, ಸರಿ ಮಾಡ್ದಲ್ಲ," ಅಂದಿದ್ದ.

ಅಳು ಬರುತ್ತದೆಂದು ಅವಳು ಹನ್ನೊಂದು ದಿನ ಕಾದಿದ್ದಳು. ಬರಲಿಲ್ಲ. ಹಸಿವಾದಾಗ ಉಂಡಳು, ಹೇಳಿದ ಕಡೆ ಕೂತಳು. "ಹೆಣ್ಮಗ ಕಲ್ಲು ಕೂತಂಗೆ ಕೂತದಲ್ಲ," ಅಂತ ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು. ಅದೂ ಬೇರೆ ಯಾರದೋ ಸುದ್ದಿಯಂತೆ ಕೇಳಿಸಿತ್ತು.

ಕಂಪ್ಯೂಟರು ತೆರೆದಳು. ಅವಳಿಲ್ಲದ ದಿನಗಳ ಎಚ್ಚರಿಕೆಗಳಲ್ಲಿ ಒಂದು ಮಾತ್ರ ಕೆಂಪಗಿತ್ತು. ಊರು ಅವಳದೇ, ತೆರಕಣಾಂಬಿ ಹತ್ತಿರದ ಹುಂಡಿ ಎಂಬ ಹಳ್ಳಿ. ಮೂರನೆಯ ಬೀದಿಗೆ ನೀರು ಬಿಡುವ ವಾಲ್. ಮಂಗಳವಾರ ಮಧ್ಯಾಹ್ನ ಎರಡೂ ಹತ್ತರಿಂದ ಮೂರೂ ಐದರವರೆಗೆ ಹೊತ್ತಲ್ಲದ ಹೊತ್ತಿನ ಹರಿವು. ಆರು ಸಾವಿರದ ನಾನೂರು ಲೀಟರು.

ಅದು ಅಪ್ಪ ತೀರಿಕೊಂಡ ಮಂಗಳವಾರ. ಎರಡರ ಹೊತ್ತಿಗೆ ಮಣ್ಣು ಮಾಡಿ ಜನ ಹಿಂದಿರುಗಿದ್ದರು. ಪರದೆಯ ಮೇಲೆ ನೀಲಿ ಗೆರೆ ಒಮ್ಮೆಲೇ ಎದ್ದು, ಸ್ವಲ್ಪ ತಗ್ಗಿ, ಮತ್ತೆ ಎದ್ದು, ನಿಧಾನಕ್ಕೆ ಇಳಿದಿತ್ತು. ಗುಡಿಯ ಬಂಡೆಯ ಮೇಲೆ ಸರದಿಗೆ ಕಾದು ಕೂತವರು, ಬೀದಿಯ ನಲ್ಲಿಗೆ ಬಿಂದಿಗೆ ಹಿಡಿದವರು, ತಲೆಗೆ ನೀರು ಹುಯ್ದುಕೊಂಡು ಮನೆಗೆ ಹೋದವರು, ಎಲ್ಲರೂ ಆ ಒಂದು ಗೆರೆಯಲ್ಲಿದ್ದರು. ಅನು ಅದನ್ನು ಬೇರೆ ಯಾವ ಗೆರೆಯನ್ನಾದರೂ ನೋಡುವಂತೆಯೇ ನೋಡಿದಳು.

ಕೆಳಗೆ ಇನ್ನೊಂದು ಸಾಲಿತ್ತು: ಇದೇ ನೌಕರನ ಮೂರನೆಯ ತಪ್ಪು. ಪಂಚಾಯಿತಿಗೆ ಪತ್ರ ರವಾನೆಯಾಗಿದೆ.

ನೌಕರ ಎಂದರೆ ನೀರುಗಂಟಿ ಬೀರಯ್ಯ. ಇಪ್ಪತ್ತೆರಡು ವರ್ಷದಿಂದ ಹುಂಡಿಗೆ ನೀರು ಬಿಡುವವನು, ಇನ್ನೂ ಕಾಯಂ ಆಗದವನು. ಮೂರು ತಪ್ಪಾದರೆ ಪತ್ರ ತಾನಾಗಿ ಹೋಗಬೇಕು ಎಂಬ ನಿಯಮವನ್ನು ಬರೆದವಳು ಅನು. 'ಸದರಿ ನೌಕರನನ್ನು ಕೆಲಸದಿಂದ ಬಿಡುಗಡೆ ಮಾಡಬಹುದಾಗಿದೆ' ಎಂಬ ವಾಕ್ಯವೂ ಅವಳದೇ.

ಮೊದಲೆರಡು ತಪ್ಪುಗಳ ತಾರೀಕು ತೆಗೆದು ನೋಡಿ ಅವಳು ತಾಯಿಗೆ ಫೋನು ಮಾಡಿದಳು.

"ಅವ್ವ, ಫೆಬ್ರವರಿ ಹತ್ತೊಂಬತ್ತನೇ ತಾರೀಕು ಊರಲ್ಲಿ ಯಾರಾದ್ರೂ ತೀರ್ಕಂಡಿದ್ರಾ?"

"ಇದೇನಮ್ಮಿ ಬೆಳಿಗ್ಗೆ ಬೆಳಿಗ್ಗೆ?" ಗುರುಮಲ್ಲಮ್ಮ ಅಂದಳು. "ಶಿವರಾತ್ರಿ ಆಸುಪಾಸಾ? ಬೆಟ್ಟಯ್ಯ ಕಣ. ಉಂಡ್ಯಾ?"

"ಉಂಡೆ. ಏಪ್ರಿಲ್ ಮೂರು?"

"ಆಚೆ ಬೀದಿ ಶಾಂತಮಲ್ಲಮ್ಮ್ನೋರು. ನಿನ್ ಕಂಪ್ಯೂಟ್ರಲ್ಲಿ ಸತ್ತೋರ್ ಲೆಕ್ಕಾನೂ ಬತ್ತದಾ?"

"ಬರಲ್ಲ ಅವ್ವ," ಅಂದಳು ಅನು.

ಮೀಟರು ಹಾಕುವ ಮುನ್ನ ಅವಳು ಬೀರಯ್ಯನ ಜೊತೆ ಅರ್ಧ ದಿನ ಕೂತು ಹೊತ್ತುಗಳನ್ನು ಬರೆದುಕೊಂಡಿದ್ದಳು. ಯಾವ ಬೀದಿಗೆ ಯಾವ ದಿನ, ಎಷ್ಟರಿಂದ ಎಷ್ಟಕ್ಕೆ. "ಇದು ಬಿಟ್ಟು ಬೇರೆ ಹೊತ್ತಲ್ಲಿ ಬುಡಲ್ವಾ ಬೀರಯ್ಯಣ್ಣ?" ಅಂತ ಕೇಳಿಯೂ ಇದ್ದಳು. ಬೀರಯ್ಯ ಆಗಷ್ಟೇ ಅರಿಶಿನ ಕುಂಕುಮ ಹಚ್ಚಿದ್ದ ಹೊಸ ಡಬ್ಬಿಯನ್ನೊಮ್ಮೆ ನೋಡಿ, "ಇಲ್ಲ ಕಣವ್ವ," ಅಂದಿದ್ದ. ಹೊಸ ಕೆಲಸಕ್ಕೆ ಪೂಜೆಯಾದ ಗಳಿಗೆಯಲ್ಲಿ ಸಾವಿನ ಮಾತು ಯಾರು ಎತ್ತುತ್ತಾರೆ? ಅದೇ ಊರಲ್ಲಿ ಹುಟ್ಟಿದ ಅವಳಿಗೂ ಅದು ಹೊಳೆದಿರಲಿಲ್ಲ.

ಶುಕ್ರವಾರ ಪಂಚಾಯಿತಿಯಿಂದ ಕರೆ ಬಂತು. ಪಿಡಿಒ ರಾಜಶೇಖರ್ ಲೆಕ್ಕದ ಪ್ರತಿ ತರಲು ಹೇಳಿದ್ದರು. ಅವಳು ಹೋದಾಗ ಬೀರಯ್ಯ ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದ. ಅವಳನ್ನು ಕಂಡು ಮುಖ ಆಚೆ ತಿರುಗಿಸಿದ.

"ಏನಯ್ಯ, ಆ ಮಂಗಳವಾರ ಮಧ್ಯಾಹ್ನ ವಾಲ್ ಯಾಕೆ ತಿರುಗಿಸ್ದೆ?" ರಾಜಶೇಖರ್ ಕೇಳಿದರು.

"ಮರ್ತ್ಬುಟ್ಟೆ ಸಾ."

"ನಿಲ್ಸೋದ್ನ ಮರ್ತೆ ಅಂದ್ರೆ ಒಪ್ಕೋಬೋದು. ಮನೆಯಿಂದ ಎದ್ದೋಗಿ ತಿರುಗಿಸೋದ್ನ ಮರೆವು ಅಂತಾರೇನಯ್ಯ?"

"ಅಂಗೂ ಆಯ್ತದೆ ಸಾ. ವಯಸ್ಸಾಯ್ತು."

"ವಯಸ್ಸಾದ್ರೆ ಮನೇಲಿರು. ಬೇರೆಯವ್ರನ್ನ ತಗೋತೀವಿ. ಮೂರು ಸಲ ಅಂತ ಇಲ್ಲೇ ಬಂದಿದೆ, ನೋಡು."

ಬೀರಯ್ಯ ಪತ್ರದತ್ತ ನೋಡದೆ ಟವೆಲ್ಲು ಮಡಚತೊಡಗಿದ. ಹೆಣ ಹೋದ ಮನೆಯ ಮಗಳ ಎದುರು ನಿಮ್ಮ ಮನೆಗೇ ನೀರು ಬಿಟ್ಟೆ ಅನ್ನುವುದು ಕೊಟ್ಟದ್ದನ್ನು ಎತ್ತಿ ಆಡಿದಂತೆ. ಕೆಲಸ ಹೋದರೂ ಅವನು ಅದನ್ನು ಆಡುವವನಲ್ಲ ಎಂದು ಅನುವಿಗೆ ಗೊತ್ತಾಯಿತು.

"ಅವತ್ತು ನಮ್ಮಪ್ಪ ತೀರ್ಕೊಂಡಿದ್ರು ಸರ್," ಅಂದಳು. ಮೀಟರಿನ ನಂಬರು ಓದಿ ಹೇಳುವ ದನಿಯಲ್ಲೇ ಅಂದಳು. "ಮಣ್ಣು ಮಾಡಿ ಬಂದೋರ ಸ್ನಾನಕ್ಕೆ ಬಿಟ್ಟ ನೀರು. ಫೆಬ್ರವರೀದು ಬೆಟ್ಟಯ್ಯನೋರ ಮನೇದು, ಏಪ್ರಿಲ್ದು ಶಾಂತಮಲ್ಲಮ್ಮನೋರದು. ನಿಯಮದಲ್ಲಿ ಇದನ್ನ ಸೇರಿಸ್ದೆ ಬಿಟ್ಟಿದ್ದು ನಾನು. ತಪ್ಪು ನಂದು."

ರಾಜಶೇಖರ್ ಕನ್ನಡಕ ತೆಗೆದಿಟ್ಟರು. "ಗೊತ್ತಿರ್ಲಿಲ್ಲಮ್ಮ," ಅಂದರು. ಆಮೇಲೆ, "ಆದ್ರೆ ಪತ್ರ ನಿಮ್ಮ ಕಡೆಯಿಂದಾನೇ ಬಂದು ಫೈಲಲ್ಲಿ ಕೂತಿದೆಯಲ್ಲ. ಅಳಿಸಿಬಿಡಿ ಅತ್ಲಾಗೆ."

ಅಳಿಸಲು ಬರುತ್ತಿರಲಿಲ್ಲ. ಮೆಂಬರು ಫೋನು ಮಾಡಿದರೂ, ಸಾಹೇಬರು ಬದಲಾದರೂ ದಾಖಲೆ ಬದಲಾಗಬಾರದೆಂದು ಅವಳೇ ಹಟ ಹಿಡಿದು ಹಾಗೆ ಬರೆದಿದ್ದಳು. ಕಾಲೇಜಿನ ಮೆಟ್ಟಿಲು ಹತ್ತಿದ ಮನೆಯ ಮೊದಲ ಮಗು ಅವಳು. ಲೆಕ್ಕ ಸರಿಯಿದ್ದರೆ ನ್ಯಾಯ ತಾನಾಗಿ ಆಗುತ್ತದೆಂದು ನಂಬಿ ಓದಿದವಳು.

"ಅಳಿಸೋಕಾಗಲ್ಲ ಸರ್. ಕಾರಣ ಸೇರಿಸ್ಬೋದು."

"ಕಾರಣ ನಾಲ್ಕೇ ಇವೆ. ಸೋರಿಕೆ, ದುರಸ್ತಿ, ಪರೀಕ್ಷೆ, ಕಳ್ಳತನ. ನಾನು ಯಾವುದನ್ನ ಒತ್ಲಿ?"

ಅವಳು ಅವರ ಮೇಜಿನ ಮೂಲೆಯಲ್ಲೇ ಲ್ಯಾಪ್‌ಟಾಪು ಬಿಚ್ಚಿದಳು, ಫೋನಿನಿಂದ ಇಂಟರ್ನೆಟ್ಟು ಕೊಟ್ಟಳು. ನೀರುಗಂಟಿಯ ಫೋನಿನಲ್ಲೂ ಕಾಣುವ ಆ ಪಟ್ಟಿಯಲ್ಲಿ, ಐದನೆಯ ಕಾರಣದ ಜಾಗದಲ್ಲಿ 'ಸಾವು' ಎಂದು ಬರೆದಳು.

ಬೀರಯ್ಯ ಬಗ್ಗಿ ನೋಡಿ, "ಅದ ಬರೀಬ್ಯಾಡ ಕಣವ್ವ," ಅಂದ. "ಬೆಳಿಗ್ಗೆ ಎದ್ದು ಫೋನ್ ತಗುದ್ರೆ ಅದ್ರ ಮಕ ನೋಡನಾ?"

"ಮತ್ತೇನು ಬರೀಲಿ?"

"ಊರ ಕೆಲಸ ಅನ್ನು. ಎಲ್ಲಾರ್ಗೂ ಅರ್ಥ ಆಯ್ತದೆ."

ಅವಳು ಅಳಿಸಿ 'ಊರ ಕೆಲಸ' ಎಂದು ಬರೆದಳು. ಈ ಕಾರಣವಿದ್ದರೆ ತಪ್ಪೆಂದು ಎಣಿಸಬಾರದು ಎಂಬ ನಿಯಮವನ್ನೂ ಸೇರಿಸಿ ಕ್ಲೌಡಿಗೆ ಏರಿಸಿದಳು. ನಾಲ್ಕು ನಿಮಿಷ ಹಿಡಿಯಿತು. ಯಾರ ಮನೆ ಎಂಬಲ್ಲಿ ಮೊದಲೆರಡು ಹೆಸರು ತುಂಬಿ, ಮೂರನೆಯದಕ್ಕೆ 'ಮಾರಯ್ಯ' ಎಂದು ಬರೆದಳು. ಕೆಂಪು ಸಾಲುಗಳು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು.

ರಾಜಶೇಖರ್ ಪತ್ರದ ಅಂಚಿನಲ್ಲಿ 'ಸಮಜಾಯಿಷಿ ಒಪ್ಪಿದೆ' ಎಂದು ಬರೆದು ಸಹಿ ಹಾಕಿದರು. "ಹೋಗಯ್ಯ. ಮುಂದಿನ ಸಲ ಮರೆವು ಗಿರೆವು ಅಂದ್ರೆ ನೋಡು."

ಹೊರಗೆ ಬೀರಯ್ಯ ತನ್ನ ಗಾಡಿಯನ್ನು ಒದ್ದು ಒದ್ದು ಸ್ಟಾರ್ಟ್ ಮಾಡಿದ. ಹೊರಡಲಿಲ್ಲ.

"ಅನುವವ್ವ, ಅವತ್ತು ನೀರು ಸಾಕಾಯ್ತಾ? ಕರೆಂಟು ಓಗ್ಬುಡ್ತು ನೋಡು, ಜಾಸ್ತಿ ಬುಡಕ್ಕೆ ಆಗ್ನಿಲ್ಲ. ಕೊನೆಯೋರ್ಗೂ ಬಂತಾ?"

"ಬಂತು ಬೀರಯ್ಯಣ್ಣ. ಎಲ್ಲಾರ್ಗೂ ಸಾಕಾಯ್ತು."

ಅವನು ತಲೆಯಾಡಿಸಿ ಹೋದ. ಅನು ಬಸ್ಸಿಗೆ ನಿಂತಳು. ಆರು ಸಾವಿರದ ನಾನೂರು ಲೀಟರು. ಅದರಲ್ಲಿ ತನ್ನ ತಲೆಗೆ ಒಂದು ಬಿಂದಿಗೆಯಾದರೂ ಬಿದ್ದಿರಲೇಬೇಕು. ಹುಯ್ದವರು ಯಾರು, ನೀರು ತಣ್ಣಗಿತ್ತೋ ಬಿಸಿಲಿಗೆ ಕಾದಿತ್ತೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಗುಂಡ್ಲುಪೇಟೆಯ ಕಡೆಯಿಂದ ಬಸ್ಸು ಬಂತು. ಹತ್ತಿ, ಕಿಟಕಿಯ ಪಕ್ಕ ಕೂತು, ಅವ್ವನಿಗೆ ಫೋನು ಮಾಡಿ ಅದನ್ನೇ ಕೇಳಿದಳು.