ಬೋಣಿಯ ಕೈ

ಅಮೆರಿಕದ ಸ್ಯಾನ್ ಹೊಸೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಉಡುಪಿಯ ದೇವದಾಸರಿಗೆ ಬೋಣಿ ಎಂದರೆ ದಿನದ ಮೊದಲ ವ್ಯಾಪಾರವಷ್ಟೇ ಅಲ್ಲ, ಆ ದಿನದ ಹಣೆಬರಹ. ಮೊದಲ ನೋಟನ್ನು ಕಣ್ಣಿಗೊತ್ತಿಕೊಂಡು ಕೃಷ್ಣನ ಪಟದ ಮುಂದಿಡುವ ತನಕ ಭೂಕಂಪವಾದರೂ ಅವರು ಗಲ್ಲಾ ಬಿಟ್ಟು ಏಳುತ್ತಿರಲಿಲ್ಲ. ಫೋನಿನಿಂದ ದುಡ್ಡು ಪಡೆಯುವ ಯಂತ್ರ ಇಡಿ ಎಂದವರನ್ನೆಲ್ಲ "ಫೋನಿಗೆ ಕೈಗುಣ ಉಂಟಾ ಮಾರಾಯ್ರೆ?" ಎಂದು ವರ್ಷಗಟ್ಟಲೆ ಗದರಿದವರು, ಹೋದ ವರ್ಷ ಇದ್ದಕ್ಕಿದ್ದಂತೆ ತಾವೇ ಒಂದನ್ನು ತಂದಿಟ್ಟರು, ಈಗ ಆ ಯಂತ್ರವನ್ನೇ ಎರಡೂ ಕೈಯಲ್ಲೆತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬಾಗಿಲು ತೆರೆದ ಕೂಡಲೇ ಬರುವ ಪಕ್ಕದ ಅಪಾರ್ಟ್‌ಮೆಂಟಿನ ಹಂಸಾ "ಅಂಕಲ್, ಇವತ್ತು ನಂದೇ ಬೋಣಿ ಅಲ್ವಾ?" ಎಂದು ಫೋನು ಚಾಚಿದರೆ, ಖಾಲಿ ಅಂಗಡಿಯಲ್ಲಿ ನಿಂತು "ಇಲ್ಲಮ್ಮ, ಬೋಣಿ ಆಯ್ತು" ಎನ್ನುತ್ತಾರೆ. ಆ ಅಂಗಡಿಯ ಬೋಣಿ ಯಾವತ್ತೂ ಅವರ ಹೆಂಡತಿ ಜಯಂತಿಯದೇ. ದಿನಾ ಬೆಳಿಗ್ಗೆ ತನ್ನ ಪರ್ಸಿನಿಂದ ಒಂದು ಡಾಲರ್ ಕೊಟ್ಟು ಒಂದು ಕಟ್ಟು ಕರಿಬೇವು ಕೊಳ್ಳುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು, ಅವಳ ಫೋನು ಉಳಿಯಿತು. ಈಗ ದಿನವೂ ಬಾಗಿಲು ತೆರೆಯುವ ಮುನ್ನ ದೇವದಾಸರು ಆ ಫೋನನ್ನು ಯಂತ್ರಕ್ಕೆ ಮುಟ್ಟಿಸುತ್ತಾರೆ. ಆಮೇಲೆ ಕರಿಬೇವಿನ ಕಟ್ಟನ್ನು ಗಲ್ಲಾದಾಚೆ ಚಾಚಿ, ತೆಗೆದುಕೊಳ್ಳುವ ಕೈಗಾಗಿ ಒಂದು ಗಳಿಗೆ ಕಾಯುತ್ತಾರೆ.