ಅಣ್ಣ ಆಡದ ಮಾತು

ಕುಣಿಗಲ್ಲಿನ ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಟೈಪಿಂಗ್ ಮೆಷಿನ್ ಇಟ್ಟುಕೊಂಡು ನಾನು ಆರು ವರ್ಷ ಕೂತಿದ್ದೆ. ಹೆಬ್ಬೂರಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ವಾಪಸ್ ಹೋಗುತ್ತಿದ್ದೆ. ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುವುದು ನನ್ನ ಕೆಲಸ. ಹೆಚ್ಚು ಅರ್ಜಿ ತರುತ್ತಿದ್ದವರು ದಲಿತರ ಹಕ್ಕಿಗಾಗಿ ಹೋರಾಡುತ್ತಿದ್ದ ಒಬ್ಬರು. ಅವರ ಮನೆ ಗುಬ್ಬಿಯಲ್ಲಿ, ಓಡಾಟ ಜಿಲ್ಲೆಯ ತುಂಬ. ಎಲ್ಲರೂ ಅವರನ್ನು ಅಣ್ಣ ಅನ್ನುತ್ತಿದ್ದರು. ನಾನೂ ಅಷ್ಟೇ.

ಆ ದಿನ ಅವರು ತಂದಿದ್ದು ಒಂದು ಹಳ್ಳಿಯ ಸ್ಮಶಾನದ ದಾರಿಯ ವಿಷಯ. ದಲಿತರು ಹೆಣ ಹೊತ್ತು ಹೋಗುವ ದಾರಿಗೆ ಊರಿನ ಒಬ್ಬ ಜಮೀನ್ದಾರ ಬೇಲಿ ಹಾಕಿದ್ದ. ಅಣ್ಣ ಕುರ್ಚಿಯಲ್ಲಿ ಕೂತು ನಿಧಾನವಾಗಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಬೆಳಗಿನ ಹನ್ನೊಂದು ಗಂಟೆ ಇರಬೇಕು. ಎರಡು ಬೈಕ್ ಬಂದು ನಿಂತವು, ನಾಲ್ಕು ಜನ ಇಳಿದರು. ಅರ್ಜಿ ಬರೆಸಲು ಬಂದವರೇ ಇರಬೇಕು ಅಂದುಕೊಂಡೆ.

ಮೊದಲ ಮಚ್ಚಿನೇಟು ಅಣ್ಣನ ಭುಜಕ್ಕೆ ಬಿತ್ತು. ಹಸಿ ಮರಕ್ಕೆ ಕೊಡಲಿ ಬಿದ್ದಂಥ ಸದ್ದು. ಅವರು ಎದ್ದು ಕುರ್ಚಿಯನ್ನು ಅಡ್ಡ ಹಿಡಿದರು. ಎರಡನೆಯ ಏಟಿಗೆ ಎಡಗೈಯ ಬೆರಳುಗಳು ಹೋದವು. ಮೆಷಿನ್ನಿನಲ್ಲಿದ್ದ ಹಾಳೆಯ ಮೇಲೆ ರಕ್ತ ಚಿಮ್ಮಿ ನನ್ನ ಮುಖಕ್ಕೂ ಬಿತ್ತು, ಬಿಸಿಯಾಗಿತ್ತು. ಅಣ್ಣ ನನ್ನ ಕಡೆ ತಿರುಗಿ, "ಓಡವ್ವಾ" ಅಂದರು. ಓಡಿದೆ. ಕಾಂಪೌಂಡ್ ಗೋಡೆಯ ಹಿಂದೆ ನಿಂತು ನೋಡಿದೆ. ಅಣ್ಣ ಬಿದ್ದ ಮೇಲೂ ಆ ನಾಲ್ವರು ಕುತ್ತಿಗೆಗೆ, ತಲೆಗೆ ಹೊಡೆಯುತ್ತಲೇ ಇದ್ದರು. ಕಡೆಗೆ ಒಬ್ಬ ಹೆಲ್ಮೆಟ್ ತೆಗೆದು ತೋಳಿನಿಂದ ಬೆವರು ಒರೆಸಿಕೊಂಡ. ಅವನು ಬೇಲಿ ಹಾಕಿದ ಜಮೀನ್ದಾರನ ತಮ್ಮನ ಮಗ. ಹಿಂದಿನ ತಿಂಗಳಷ್ಟೇ ಅವನ ಆದಾಯ ಪ್ರಮಾಣಪತ್ರದ ಅರ್ಜಿಯನ್ನು ನಾನೇ ಟೈಪ್ ಮಾಡಿಕೊಟ್ಟಿದ್ದೆ. ಅಣ್ಣ ಅಲ್ಲೇ, ಮರದ ಬುಡದಲ್ಲೇ ಸತ್ತರು. ಆಸ್ಪತ್ರೆಗೆ ಹೋಗಿದ್ದು ಬರೀ ಹೆಣ.

ಮೂರು ವಾರದ ಮೇಲೆ ಹೆಬ್ಬೂರಿನ ನಮ್ಮ ಮನೆಗೆ ಅಧ್ಯಕ್ಷರು ಬಂದರು. ಯಾವ ಕಾಲದಲ್ಲೋ ಒಂದು ಸಹಕಾರ ಸಂಘಕ್ಕೆ ಅಧ್ಯಕ್ಷರಾಗಿದ್ದರಿಂದ ಆ ಹೆಸರು ಅವರಿಗೆ ಅಂಟಿಕೊಂಡಿತ್ತು. ಆಗಿನ್ನೂ ಸಣ್ಣ ಪುಢಾರಿ. ಅಮ್ಮ ಕಾಫಿ ಕೊಟ್ಟರು. ಕುಡಿದು ಲೋಟ ಕೆಳಗಿಟ್ಟು ಅವರು ಅಂದರು: "ನೋಡಮ್ಮ, ದಿನಾ ಬಸ್ಸಲ್ಲಿ ಒಬ್ಳೇ ಓಡಾಡೋಳು ನೀನು. ಮುಖ ಸರ್ಯಾಗಿ ಕಾಣ್ಲಿಲ್ಲ ಅಂದ್ಬುಡು. ನಿಂಗೂ ನೆಮ್ಮದಿ, ಊರ್ಗೂ ನೆಮ್ಮದಿ."

ಕೋರ್ಟಿನಲ್ಲಿ ಹಾಗೇ ಅಂದೆ. ಇನ್ನಿಬ್ಬರು ಸಾಕ್ಷಿಗಳೂ ಅಂದರು. ನಾಲ್ವರೂ ಬಿಡುಗಡೆಯಾದರು. ಅಣ್ಣನ ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರನ್ನು ನೋಡದೆ ಹೊರಗೆ ಬಂದೆ. ಆಮೇಲೆ ಮರದ ಕೆಳಗೆ ಕೂರಲಾಗಲಿಲ್ಲ. ತುಮಕೂರಿನ ಒಂದು ಡಿಟಿಪಿ ಅಂಗಡಿಗೆ ಸೇರಿಕೊಂಡೆ.

ವರ್ಷಗಳು ಕಳೆದ ಹಾಗೆ ಅಣ್ಣನ ಹೆಸರು ದೊಡ್ಡದಾಯಿತು, ಅಧ್ಯಕ್ಷರೂ ಪಕ್ಷದಲ್ಲಿ ದೊಡ್ಡವರಾದರು. ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ ವರ್ಷಾ ವರ್ಷ ಅಣ್ಣನ ಪುಣ್ಯಸ್ಮರಣೆ ಮಾಡಿಸತೊಡಗಿದರು. ನಾನು ಪ್ರತಿ ವರ್ಷ ಹೋಗಿ ಕಡೆಯ ಸಾಲಿನಲ್ಲಿ ಕೂರುತ್ತಿದ್ದೆ. ಯಾಕೆ ಹೋಗುತ್ತಿದ್ದೆ ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ. ಮೊದಲ ವರ್ಷ ಅಧ್ಯಕ್ಷರು, "ನನ್ನ ಜನರನ್ನ ಕೈಬಿಡಬೇಡಿ ಅಂತ ಸಾಯುವಾಗ ಅಣ್ಣ ಹೇಳಿದರಂತೆ" ಅಂದರು. ಮೂರನೆಯ ವರ್ಷ 'ಹೇಳಿದರಂತೆ' ಹೋಗಿ 'ಹೇಳಿದರು' ಆಯಿತು. ಇನ್ನೆರಡು ವರ್ಷಕ್ಕೆ, ಅವರ ಭಾಷಣದಲ್ಲಿ, ಆಸ್ಪತ್ರೆಯ ದಾರಿಯಲ್ಲಿ ಅಣ್ಣನ ತಲೆ ಅಧ್ಯಕ್ಷರ ತೊಡೆಯ ಮೇಲೆ ಬಂತು. ಅಲ್ಲಿಗೆ ಬಂದಾಗ ಅವರು ಅಳುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಮುಂದಿದ್ದ ಹೆಂಗಸರೂ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಮೂರು ವರ್ಷದ ಹಿಂದಿನ ಕಾರ್ಯಕ್ರಮದಲ್ಲಿ ಅಕ್ಕ, ಅಂದರೆ ಅಣ್ಣನ ಹೆಂಡತಿ, ಎಂದಿನಂತೆ ಮುಂದಿನ ಸಾಲಿನಲ್ಲಿದ್ದರು. ಆಗಲೇ ಅವರಿಗೆ ಶಾಲು ಹೊದಿಸಿ ಗಾಜಿನ ಸ್ಮರಣಿಕೆ ಕೊಟ್ಟಾಗಿತ್ತು. ಅಧ್ಯಕ್ಷರು ತೊಡೆಯ ಮಾತಿಗೆ ಬಂದರು, ಕನ್ನಡಕ ತೆಗೆದರು. ಅಕ್ಕ ಎದ್ದು ಮೆಟ್ಟಿಲು ಹತ್ತಿದರು.

"ಯಾವಾಗ ಅಂದ? ಹೇಳು, ಯಾವಾಗ ಅಂದ ನಿನ್ ತಾವ?" ಮೈಕಿನಲ್ಲಿ ಅವರ ದನಿ ಮಂಟಪದ ತುಂಬ ಕೇಳಿತು.

"ಕೂತ್ಕೊಳ್ಳಮ್ಮ, ನಿನ್ನ ದುಃಖ ನಂಗೆ ಅರ್ಥವಾಗ್ತದೆ," ಅಂದರು ಅಧ್ಯಕ್ಷರು, ಕಣ್ಣಲ್ಲಿ ನೀರಿಟ್ಟುಕೊಂಡೇ.

ಅಕ್ಕ ಕೈಯಲ್ಲಿದ್ದ ಸ್ಮರಣಿಕೆಯಿಂದ ಅವರ ಹಣೆಗೆ ಹೊಡೆದರು. ಗಾಜು ಒಡೆಯಿತು. ಅಧ್ಯಕ್ಷರ ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು.

ಅವರ ಕಡೆಯವರು ಏಳೆಂಟು ಜನ ವೇದಿಕೆಗೆ ನುಗ್ಗಿದರು. ಒಬ್ಬ ಅಕ್ಕನ ಜುಟ್ಟು ಹಿಡಿದು ಮೆಟ್ಟಿಲ ಮೇಲೆ ಎಳೆದ. ಇನ್ನೊಬ್ಬ ಹೊಟ್ಟೆಗೆ ಒದ್ದ, ಮತ್ತೊಬ್ಬ ಬಾಯಿಗೆ. ನೂಕಾಟದಲ್ಲಿ ಅಣ್ಣನ ಫೋಟೊ ಮಗುಚಿಬಿತ್ತು, ಅದರ ಮೇಲೇ ಕಾಲಿಟ್ಟುಕೊಂಡು ಒದೆಯುತ್ತಿದ್ದರು. ಕಡೆಯ ಸಾಲಿನಿಂದ ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಅಕ್ಕನ ಮೇಲೆ ಬಿದ್ದು ಮುಚ್ಚಿಕೊಂಡೆ. ಬೆನ್ನಿಗೆ ಬೂಟಿನೇಟುಗಳು ಬಿದ್ದವು. ಕಬ್ಬಿಣದ ಕುರ್ಚಿಯೊಂದು ಬಲಗೈ ಮಣಿಕಟ್ಟಿನ ಮೇಲೆ ಬಿತ್ತು, ಒಳಗೆ ಮೂಳೆ ಮುರಿದದ್ದು ನನಗೇ ಕೇಳಿಸಿತು. ಅಧ್ಯಕ್ಷರು, "ಬುಡ್ರೋ, ಹೆಂಗ್ಸು ಕಣ್ರೋ" ಅಂತ ಎರಡು ಸಲ ಅಂದರು. ಆಮೇಲೆ ಯಾರೋ ಅವರನ್ನು ಹಿಂಬಾಗಿಲಿನಿಂದ ಕರೆದುಕೊಂಡು ಹೋದರು.

ಆಸ್ಪತ್ರೆಯಲ್ಲಿ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ್ದರು. ಅಕ್ಕನ ಎರಡು ಹಲ್ಲು ಹೋಗಿದ್ದವು, ಬಾಯಲ್ಲಿ ಹತ್ತಿ ಇತ್ತು. ನನ್ನನ್ನು ಬಹಳ ಹೊತ್ತು ನೋಡಿದರು.

"ನೀನು ಆ ಟೈಪಿಂಗ್ ಹುಡ್ಗಿ ಅಲ್ವಾ?"

"ಹೂಂ ಅಕ್ಕ. ಅವತ್ತು ಮುಖ ನೋಡಿದ್ದೆ. ಕೋರ್ಟಲ್ಲಿ ಸುಳ್ಳು ಹೇಳ್ದೆ."

ಅವರು ಕೈ ಎತ್ತಿ ನನ್ನ ಕೆನ್ನೆಗೆ ಹೊಡೆದರು. ಏಟು ತಿಂದು ಸುಸ್ತಾಗಿದ್ದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಕಿವಿ ಗುಂಯ್ ಅಂದಿತು. ನರ್ಸ್ ಓಡಿ ಬಂದರು. ನಾನು ಏನಿಲ್ಲ ಅಂದೆ.

"ಸಾಯೋವಾಗ ಏನಾರ ಅಂದ್ನಾ? ನೀನೊಬ್ಳೇ ಕಣೇ ಹತ್ರ ಇದ್ದೋಳು," ಅಂದರು ಆಮೇಲೆ.

"ನಂಗೆ ಓಡವ್ವಾ ಅಂದ್ರು. ಅಷ್ಟೇ."

ಅಕ್ಕ ಹತ್ತಿ ತೆಗೆದು ರಕ್ತ ಉಗುಳಿದರು. "ಹೂಂ. ಹಂಗೇ ಅಂದಿರ್ತಾನೆ ಬುಡು," ಅಂದರು. ಆಮೇಲೆ ನನ್ನ ಭುಜಕ್ಕೆ ತಲೆ ಇಟ್ಟು ಅತ್ತರು. ಅಷ್ಟು ವರ್ಷದಲ್ಲಿ ಒಂದು ವೇದಿಕೆಯಲ್ಲೂ ಅವರು ಅತ್ತಿದ್ದನ್ನು ನಾನು ನೋಡಿರಲಿಲ್ಲ.

ಅಧ್ಯಕ್ಷರ ಕಡೆಯವರು ಅಕ್ಕನ ಮೇಲೆಯೇ ದೂರು ಕೊಟ್ಟರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನಾನು ಅಧ್ಯಕ್ಷರ ಮನೆಗೆ ಹೋದೆ. ಅವರ ಹಣೆಯಲ್ಲಿ ಐದು ಹೊಲಿಗೆ ಇತ್ತು. ಅಲ್ಲಿದ್ದವರನ್ನು ಹೊರಗೆ ಕಳಿಸಿ ನನ್ನನ್ನು ಕೂರಿಸಿದರು.

"ಕಂಪ್ಲೇಂಟ್ ವಾಪಸ್ ತಗೊಳ್ಳಿ," ಅಂದೆ. "ಅಣ್ಣ ನಿಮ್ಮ ತೊಡೆ ಮೇಲೆ ತಲೆ ಇಡ್ಲಿಲ್ಲ. ನಾನಿದ್ದೆ ಅಲ್ಲಿ. ನಾನಿದ್ದೆ ಅಂತ ನಿಮ್ಗೆ ಗೊತ್ತು."

ಅವರು ಹೌದು ಅಂತ ತಲೆ ಆಡಿಸಿದರು. "ಗೊತ್ತು ಕಣಮ್ಮ. ಮೊದಮೊದ್ಲು ಭಾಷಣಕ್ಕೆ ಅಂತ ಸೇರಿಸ್ದೆ. ಹೇಳ್ತಾ ಹೇಳ್ತಾ ನಂಗೂ ಹಂಗೇ ಆಗಿತ್ತೇನೋ ಅನ್ಸೋಕೆ ಶುರುವಾಯ್ತು. ತೊಡೆ ಮೇಲೆ ಭಾರ ಗೊತ್ತಾಗ್ತದೆ ನಂಗೆ."

"ಹಂಗಾದ್ರೆ ಅಳೋದು?"

"ಅಳು ಸುಳ್ಳಲ್ಲ."

"ನಮ್ಮನೇಗೆ ಬಂದು ಮುಖ ಕಾಣ್ಲಿಲ್ಲ ಅನ್ನು ಅಂದಿದ್ದು?"

"ಅದು ಬೇರೆ," ಅಂದರು.

ಅವರು ನಾಟಕ ಆಡುತ್ತಿದ್ದಾರೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅವತ್ತು ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಮೈಕೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ಅದು ನಾಟಕವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಎದುರಿಗಿದ್ದ ಹಿತ್ತಾಳೆ ಹೂದಾನಿ ಎತ್ತಿ ಆ ಹೊಲಿಗೆಯ ಮೇಲೇ ಹೊಡೆಯಬೇಕು ಅನ್ನಿಸಿತು. ಎಡಗೈ ಮುಂದಕ್ಕೂ ಹೋಯಿತು. ಹಿಂದಕ್ಕೆ ತೆಗೆದುಕೊಂಡು ಎದ್ದು ಬಂದೆ.

ದೂರು ವಾಪಸ್ ಆಯಿತು. ಅಕ್ಕನಿಗೆ ಒದ್ದವರ ಮೇಲೆ ನಾವು ಕೊಟ್ಟ ದೂರು ಇನ್ನೂ ನಡೆಯುತ್ತಿದೆ. ಅದರಲ್ಲಿ ನಾನು ಸಾಕ್ಷಿ. ಎರಡು ಸಲ ಫೋನಿನಲ್ಲಿ ಬೆದರಿಕೆ ಬಂದಿದೆ, ಒಮ್ಮೆ ಅಂಗಡಿಯ ಗಾಜಿಗೆ ಕಲ್ಲು ಬಿದ್ದಿದೆ. ಮುಂದಿನ ವಿಚಾರಣೆಗೆ ಅಕ್ಕ ಗುಬ್ಬಿಯಿಂದ ಬೆಳಗಿನ ಬಸ್ಸಿಗೇ ಬರುತ್ತಾರಂತೆ. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಬರಬೇಕು.